ಅರ್ಧ ಕಂಬಳಿಯ ಆಷಾಢ

ಹೋದ ತಿಂಗಳು ದಾವಣಗೆರೆಯಲ್ಲಿ ಮೂಳೆ ಡಾಕ್ಟರಿಗೆ ಮಂಡಿ ತೋರಿಸಿಕೊಂಡು ವಾಪಸ್ಸಾಗುವಾಗ ಚಿಕ್ಕಜಾಜೂರಿನಲ್ಲಿ ಇಳಿದು, ಚಿತ್ರದುರ್ಗದ ಗಾಡಿಗಾಗಿ ಕಾಯುತ್ತ ಕೂತಿದ್ದೆ. ಬೆಳಗಿನಿಂದ ಸೋನೆ ಹಿಡಿದಿತ್ತು. ಕುರಿ ಕಾಯುವವನೊಬ್ಬ ಬಂದು ನಾನು ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ತಲೆಯ ಮೇಲಿನ ಕಂಬಳಿ ಕೊಪ್ಪೆಯನ್ನು ಬಿಚ್ಚಿ, ಎರಡು ಸಲ ಜೋರಾಗಿ ಕೊಡವಿ, ಮಡಚಿ ತೊಡೆಯ ಮೇಲಿಟ್ಟುಕೊಂಡ. ನೆಂದ ಉಣ್ಣೆಯ ವಾಸನೆ, ಅದರೊಳಗೆ ಇಂಗಿದ ಹುಣಸೆಬೀಜದ ಗಂಜಿಯ ವಾಸನೆ. ಕಂಬಳಿ ನೇಯುವವರು ನೂಲು ಗಟ್ಟಿಯಾಗಲೆಂದು ಆ ಗಂಜಿ ಬಳಿಯುತ್ತಾರೆ. ಎಷ್ಟು ವರ್ಷವಾದರೂ ಒಂದು ಮಳೆ ಬಿದ್ದರೆ ಸಾಕು, ಅದು ಮತ್ತೆ ಎದ್ದು ಬರುತ್ತದೆ. ಡಾಕ್ಟರು ಅರ್ಧ ಗಂಟೆ ಒತ್ತಿ, ಮಡಚಿ, ತಿರುವಿ ನೋಡಿದರೂ ತೆಪ್ಪಗಿದ್ದ ನನ್ನ ಎಡಮಂಡಿ ಆಗ ಚುಳ್ ಎಂದಿತು.

ಎಕ್ಸ್‌ರೇ ನೋಡಿ ಡಾಕ್ಟರು ಕೇಳಿದ್ದರು, ಅಮ್ಮಾ ನೀವು ಎಲ್ಲಿ ಇಷ್ಟೊಂದು ಬಿದ್ದಿದ್ದೀರಿ ಎಂದು. ಗಾಲಿ ಮೇಲಿಂದ ಬಿದ್ದೆ ಎಂದೆ. ಅವರು ಸ್ಕೂಟರು ಎಂದುಕೊಂಡು, ಈ ವಯಸ್ಸಿನಲ್ಲಿ ಹುಷಾರಾಗಿರಬೇಕು ಎಂದು ಬುದ್ಧಿ ಹೇಳಿದರು. ನಾನು ತಿದ್ದಲು ಹೋಗಲಿಲ್ಲ. ತಿದ್ದಿದ್ದರೆ ಇಡೀ ಕತೆ ಹೇಳಬೇಕಾಗುತ್ತಿತ್ತು, ಹೊರಗೆ ಇನ್ನೂ ಜನ ಕಾಯುತ್ತಿದ್ದರು.

ಇಪ್ಪತ್ತೆರಡು ವರ್ಷದ ಹಿಂದಿನ ಮಳೆಗಾಲ ಅದು. ನನಗಾಗ ನಲವತ್ತಾರು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡು, ಅವರ ಕೆಲಸ ಅನುಕಂಪದ ಮೇಲೆ ನನಗೆ ಬಂದು, ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದೆ. ಮಕ್ಕಳಿಲ್ಲ. ಹಿರೇಗುಂಟನೂರಿನ ಕುರಿ ಮನೆತನದ ಮಾಳಿ, ಫೈಲುಗಳ ನಡುವೆ ದಪ್ಪಗಾಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮಾಳಮ್ಮ ಮೇಡಂ ಆಗಿದ್ದೆ. ಅವ್ವ ಹೋಗಿ ವರ್ಷ ತುಂಬುವುದರಲ್ಲಿತ್ತು. ಅಪ್ಪನ ಕಣ್ಣಿನ ಪೊರೆ ತೆಗೆಸಿ, ದಿನಕ್ಕೆ ಮೂರು ಸಲ ಔಷಧಿ ಬಿಡಬೇಕೆಂದು ನನ್ನ ಮನೆಯಲ್ಲೇ ಇರಿಸಿಕೊಂಡಿದ್ದೆ. ಅಣ್ಣ ಸಿದ್ದಪ್ಪ ಊರಲ್ಲಿ ಕುರಿ, ಹೊಲ ನೋಡಿಕೊಂಡಿದ್ದ.

ಅಪ್ಪ ಊರಿಂದ ಬರುವಾಗ ಒಂದು ಕೋಲು, ಒಂದು ತಗಡಿನ ಪೆಟ್ಟಿಗೆ ತಂದಿದ್ದ. ಪೇಟೆಯ ಮನೆಯಲ್ಲಿ ಕೋಲಿಗೇನು ಕೆಲಸ? ಅದು ಬಾಗಿಲ ಮೂಲೆಯಲ್ಲಿ ನಿಂತಿರುತ್ತಿತ್ತು, ಅಪ್ಪ ಅದರ ಪಕ್ಕದಲ್ಲಿ ಕೂತಿರುತ್ತಿದ್ದ. ಅವ್ವ ಹೋದ ಮೇಲೆ ಮಾತು ಕಡಿಮೆ ಮಾಡಿಬಿಟ್ಟಿದ್ದ. ಉಂಡೆಯಾ ಎಂದರೆ ಉಂಡೆ ಎನ್ನುವುದು, ಕಣ್ಣು ಉರಿಯುತ್ತದಾ ಎಂದರೆ ಇಲ್ಲ ಎನ್ನುವುದು. ಮನೆಯಲ್ಲಿ ಇಬ್ಬರಿದ್ದೂ ಒಬ್ಬರೂ ಇಲ್ಲದ ಹಾಗಿತ್ತು. ಸತ್ಯ ಹೇಳಬೇಕೆಂದರೆ, ನನಗೆ ಬೆಳಗಾದರೆ ಮನೆಯಿಂದ ಆಚೆ ಬಿದ್ದರೆ ಸಾಕು ಅನ್ನಿಸುತ್ತಿತ್ತು.

ಚಿತ್ರದುರ್ಗದ ಆಷಾಢದಲ್ಲಿ ಮಳೆಗಿಂತ ಗಾಳಿಯದ್ದೇ ದರ್ಬಾರು. ಮೋಡ ಬರುತ್ತವೆ, ಕೋಟೆಯ ಬಂಡೆಗಳ ಮೇಲೆ ಒಂದಿಷ್ಟು ಹೊತ್ತು ನಿಂತ ಹಾಗೆ ಮಾಡುತ್ತವೆ, ನಾಲ್ಕು ಹನಿ ಉದುರಿಸುವುದರೊಳಗೆ ಗಾಳಿ ಅವನ್ನು ಹೊಡೆದುಕೊಂಡು ಹೋಗುತ್ತದೆ. ಸೆರಗು, ಕೊಡೆ, ಕೈಯಲ್ಲಿನ ಕಾಗದ ಯಾವುದೂ ನಮ್ಮ ಮಾತು ಕೇಳುವುದಿಲ್ಲ. ಅಂಥ ಒಂದು ಬೆಳಿಗ್ಗೆ ಗಾಳಿಗೆ ಮುಖ ಕೊಡಲಾರದೆ, ಎಂದೋ ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಗೋಡೆ ಮರೆಗೆ ಹೋದೆ. ಗೋಡೌನಿನ ಒಳಗಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ರಾಗಿ ಬೀಸುವ ಕಲ್ಲು ದೂರದಲ್ಲೆಲ್ಲೋ ತಿರುಗುತ್ತಿದ್ದ ಹಾಗೆ. ಇಣುಕಿದೆ.

ನುಣ್ಣಗೆ ಉಜ್ಜಿದ ಸಿಮೆಂಟಿನ ನೆಲ. ಅದರ ಮೇಲೆ ಒಂದಕ್ಕೊಂದು ತಾಗಿದಂತೆ ಬಿಳಿ ಬಣ್ಣದ ಎರಡು ದೊಡ್ಡ ವೃತ್ತಗಳು. ಎಂಟೊಂಬತ್ತು ವರ್ಷದ ಹುಡುಗಿಯೊಂದು ಗಾಲಿಯ ಬೂಟು ಹಾಕಿಕೊಂಡು, ಒಂಟಿ ಕಾಲಿನಲ್ಲಿ, ಕೈ ಎರಡೂ ಚಾಚಿ, ಆ ಬಿಳಿ ಗೆರೆಯ ಮೇಲೇ ಹೋಗುತ್ತಿತ್ತು. ಓಟವಿಲ್ಲ, ಹಾಡಿಲ್ಲ, ಚಪ್ಪಾಳೆಯಿಲ್ಲ. ಒಂದು ವೃತ್ತ ಮುಗಿದದ್ದೇ ಎರಡೂ ತಾಗುವ ಕಡೆ ಕಾಲು ಬದಲಿಸಿ ಇನ್ನೊಂದು ವೃತ್ತಕ್ಕೆ ಹೊರಳಿತು. ಎಂಟರ ಆಕಾರ ಮುಗಿಸಿ ಶುರು ಮಾಡಿದಲ್ಲೇ ಬಂದು ನಿಂತಿತು. ನಾನು ಕಚೇರಿ ಮರೆತು ನಿಂತಿದ್ದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹುಡುಗಿಯಲ್ಲ, ಆ ಗೆರೆ. ನಾನು ಏಳೆಂಟು ವರ್ಷದವಳಿದ್ದಾಗ ಅಪ್ಪನ ಹಿಂದೆ ಕುರಿಗೆ ಹೋಗುತ್ತಿದ್ದೆ. ಯಾರದೋ ಹೊಲದಲ್ಲಿ ರಾತ್ರಿಗೆ ಮಂದೆ ಕೂಡಿಸಿ ತರುಬಿದ ಮೇಲೆ, ಹೊತ್ತು ಮುಳುಗುವ ಮುಂಚೆ ಅಪ್ಪ ಕೋಲಿನ ತುದಿಯನ್ನು ಮಣ್ಣಲ್ಲಿ ಎಳೆದುಕೊಂಡು ಮಂದೆಯ ಸುತ್ತ ಒಂದು ಸುತ್ತು ಬರುತ್ತಿದ್ದ. ಶುರು ಮಾಡಿದ ಜಾಗಕ್ಕೇ ಗೆರೆ ಬಂದು ಕೂಡಬೇಕು. ಕೂಡಿದರೆ ಬೆಳಗಿನವರೆಗೆ ಕುರಿ ಕ್ಷೇಮ ಎಂದು ಅವನ ನಂಬಿಕೆ. ನಾನು ಆ ಗೆರೆಯ ಮೇಲೆ, ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ, ಅವನ ಹಿಂದೆಯೇ ಹೋಗುತ್ತಿದ್ದೆ. ದೊಡ್ಡವಳಾದ ಮೇಲೆ ಅವ್ವ ಕುರಿ ಹಿಂದೆ ಹೋಗುವುದನ್ನು ಬಿಡಿಸಿದಳು. ಸ್ಕೂಲು, ಮದುವೆ, ಕಚೇರಿ. ಆ ಗೆರೆ ಎಲ್ಲೋ ಅಳಿಸಿಹೋಗಿತ್ತು.

ಕಲಿಸುತ್ತಿದ್ದವರು ವಿಕ್ಟರ್ ಮೇಷ್ಟ್ರು. ಕೋಲಾರದ ಚಿನ್ನದ ಗಣಿಯ ಕಡೆ ಬೆಳೆದವರು, ಇಲ್ಲಿ ಡ್ರಿಲ್ ಮೇಷ್ಟ್ರಾಗಿ ಬಂದು ನಿವೃತ್ತರಾಗಿ ಇಲ್ಲೇ ಉಳಿದವರು. ಯಾವ ಮಗುವಿನ ತಾಯಿ ನೀವು ಎಂದು ಕೇಳಿದರು. ಯಾರ ತಾಯಿಯೂ ಅಲ್ಲ, ನನಗೇ ಕಲಿಯಬೇಕು ಎಂದು ಬಾಯಿಂದ ಬಂದುಬಿಟ್ಟಿತು. ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. ನನ್ನ ಪಾದ ನೋಡಿ, ಚಪ್ಪಲಿ ಎಷ್ಟನೇ ನಂಬರು ಎಂದರು.

ಹಿಮದ ದೇಶಗಳಲ್ಲಿ ಐಸಿನ ಮೇಲೆ ಮಾಡುವ ಫಿಗರ್ ಸ್ಕೇಟಿಂಗ್ ಅನ್ನೇ ನಾವಿಲ್ಲಿ ಸಿಮೆಂಟಿನ ಮೇಲೆ ಗಾಲಿಯಲ್ಲಿ ಮಾಡುತ್ತೇವೆ ಎಂದು ವಿವರಿಸಿದರು. ಐದಾರು ವರ್ಷಕ್ಕೇ ಶುರು ಮಾಡುವುದು ರೂಢಿಯಂತೆ. ಹನ್ನೆರಡಾದರೆ ತಡವಾಯಿತು ಎನ್ನುತ್ತಾರಂತೆ. “ಮಕ್ಕಳಿಗೆ ನೆಲ ಹತ್ತಿರ, ಮೇಡಂ. ಬಿದ್ದರೂ ಗೊತ್ತಾಗಲ್ಲ. ನಿಮಗೆ ನೆಲ ದೂರ ಇದೆ, ಅದನ್ನ ಯೋಚನೆ ಮಾಡಿ ಬನ್ನಿ,” ಎಂದರು. ನಾನು ಯೋಚನೆ ಮಾಡದೆ ಮಾರನೇ ದಿನವೇ ಹೋದೆ.

ನಲವತ್ತಾರು ವರ್ಷದ ವಿಧವೆ ಗುಮಾಸ್ತೆ ಚೂಡಿದಾರ್ ಹಾಕುವುದೇ ಆಗ ಬೀದಿಗೆ ಒಂದು ಸುದ್ದಿ. ಸೀರೆಯಲ್ಲಿ ಮನೆ ಬಿಟ್ಟು, ಮಿಲ್ಲಿನ ಹಳೆಯ ತೂಕದ ಕೋಣೆಯಲ್ಲಿ ಬಟ್ಟೆ ಬದಲಿಸಿ, ಒಂದು ಗಂಟೆ ಬಿದ್ದು ಎದ್ದು, ಮತ್ತೆ ಸೀರೆಯುಟ್ಟು ಕಚೇರಿಗೆ ಹೋಗುತ್ತಿದ್ದೆ. ಕಾಲೇಜು ಸೇರಿ ಊರು ಬಿಟ್ಟ ಹುಡುಗಿಯೊಬ್ಬಳ ಬೂಟು ನನ್ನ ಕಾಲಿಗೆ ಹಿಡಿಸಿತು. ಅಪ್ಪನಿಗೆ ಮಾತ್ರ ಕಚೇರಿಯಲ್ಲಿ ಆಡಿಟ್ ನಡೆಯುತ್ತಿದೆ, ಬೇಗ ಹೋಗಬೇಕು ಎಂದು ಸುಳ್ಳು ಹೇಳಿದೆ. ಅವನು ಹ್ಞೂಂ ಎಂದ. ಅವನಿಗೆ ಹೇಳಲು ನಾಚಿಕೆ. ಹೆಂಡತಿ ಸತ್ತ ವರ್ಷದೊಳಗೇ ಮಗಳು ಗಾಲಿ ಕಟ್ಟಿಕೊಂಡು ಕುಣಿಯುತ್ತಾಳೆ ಎಂದುಕೊಂಡಾನು ಎಂಬ ಅಂಜಿಕೆ.

ಮೊದಲ ಹದಿನೈದು ದಿನ ನಾನು ಕಲಿತದ್ದು ಬೀಳುವುದನ್ನು. ಮಂಡಿಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದವು. ಕಚೇರಿಯಲ್ಲಿ ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಂಡು ಏಳುತ್ತಿದ್ದೆ. ಸೂಪರಿಂಟೆಂಡೆಂಟರು, ಮೇಡಂನೋರು ಯಾವುದೋ ಬೆಟ್ಟಕ್ಕೆ ಹರಕೆ ಹೊತ್ತಂಗೈತೆ ಎಂದು ಎಲ್ಲರೆದುರು ಹಾಸ್ಯ ಮಾಡಿದರು. ಮಂಡಿಗೆ ದಪ್ಪನೆಯ ಪ್ಯಾಡು ಕಟ್ಟಲೇಬೇಕು, ಇಲ್ಲದಿದ್ದರೆ ನಾಳೆಯಿಂದ ಬರಬೇಡಿ ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿದರು. ಮಕ್ಕಳ ಪ್ಯಾಡು ನನ್ನ ಮೊಣಕೈಗೂ ಬರುತ್ತಿರಲಿಲ್ಲ. ದೊಡ್ಡವರ ಅಳತೆಯದ್ದು ಇಡೀ ಚಿತ್ರದುರ್ಗದಲ್ಲಿ ಸಿಗಲಿಲ್ಲ, ಯಾರಿಗಾದರೂ ಬೇಕಾಗಿದ್ದರೆ ತಾನೇ ತರಿಸಿಡುವುದು.

ಆಗ ನನಗೆ ಕಂಬಳಿ ನೆನಪಾಯಿತು. ಕುರಿ ಮನೆಯ ಮಗಳಿಗೆ ನೋವು, ಚಳಿ, ಮಳೆ ಎಲ್ಲಕ್ಕೂ ಮೊದಲು ನೆನಪಾಗುವುದು ಅದೇ. ಅಪ್ಪ ಕ್ಷೌರಕ್ಕೆ ಹೋಗಿದ್ದಾಗ ಅವನ ತಗಡಿನ ಪೆಟ್ಟಿಗೆ ತೆಗೆದೆ. ಮೇಲೆ ಒಂದು ಹೊಸ ಕಂಬಳಿ, ಅಂಚಿಗೆ ಕೆಂಪು ದಾರ, ಇನ್ನೂ ಚುಚ್ಚುತ್ತಿತ್ತು. ದೇವರ ಗದ್ದುಗೆಗೆ ಹಾಸಲು ಇಟ್ಟಿರಬೇಕು ಎಂದು ಅದನ್ನು ಮುಟ್ಟದೆ ಪಕ್ಕಕ್ಕಿಟ್ಟೆ. ಕೆಳಗೆ ಹಳೆಯದೊಂದು, ಸವೆದು ಮೆತ್ತಗಾಗಿತ್ತು, ಅಗಲ ಬಹಳ ಕಮ್ಮಿ. ಒಂದು ಕಡೆ ಅಂಚಿತ್ತು, ಇನ್ನೊಂದು ಕಡೆ ದಾರದ ಎಳೆಗಳು ಜೋತಾಡುತ್ತಿದ್ದವು. ಒಬ್ಬರು ಸುತ್ತಿ ಹೊದೆಯಲೂ ಸಾಲದ ಹರಕು. ಅದರಲ್ಲಿ ಅಂಗೈಯಗಲಕ್ಕಿಂತ ದೊಡ್ಡದಾದ ನಾಲ್ಕು ತುಂಡು ಕತ್ತರಿಸಿ, ಉಳಿದದ್ದನ್ನು ಇದ್ದ ಹಾಗೇ ಮಡಚಿ, ಹೊಸದನ್ನು ಮೇಲಿಟ್ಟು ಪೆಟ್ಟಿಗೆ ಮುಚ್ಚಿದೆ. ಹೊಸದು ದೇವರಿಗೆ, ಹಳೆಯದು ಬಳಕೆಗೆ ಎಂದು ಲೆಕ್ಕ ಹಾಕಿದ್ದು ಇಪ್ಪತ್ತು ವರ್ಷ ಪೇಟೆಯಲ್ಲಿದ್ದ ನನ್ನ ಬುದ್ಧಿ.

ತುಂಡುಗಳಿಗೆ ನಾಡಾ ಹೊಲಿದು ಎರಡು ಮಂಡಿಗೆ, ಎರಡು ಮೊಣಕೈಗೆ ಕಟ್ಟಿಕೊಂಡೆ. ಆಮೇಲೆ ಬಿದ್ದರೆ ಸದ್ದೇ ಬರುತ್ತಿರಲಿಲ್ಲ. ಬೀಳುವ ಭಯ ಹೋದದ್ದೇ ಕಾಲು ಕಲಿಯತೊಡಗಿತು. ಮೈಯ ಭಾರವನ್ನು ಪಾದದ ಹೊರ ಅಂಚಿಗೆ ಕೊಟ್ಟು, ಸೊಂಟ ಒಂದಿಷ್ಟು ಒಳಕ್ಕೆ ವಾಲಿಸಿ, ಇನ್ನೊಂದು ಕಾಲನ್ನು ಹಿಂದೆ ಹಿಡಿದುಕೊಂಡರೆ ಗಾಲಿ ತಾನಾಗಿಯೇ ವೃತ್ತ ಹಿಡಿಯುತ್ತದೆ. ಮೊದಲು ಕಾಲು ವೃತ್ತ, ಆಮೇಲೆ ಅರ್ಧ, ಆಷಾಢ ಮುಗಿಯುವ ಹೊತ್ತಿಗೆ ಬಲಗಾಲಿನಲ್ಲಿ ಪೂರ್ತಿ ಒಂದು ವೃತ್ತ. ಅವತ್ತು ಮಿಲ್ಲಿನ ತೂಕದ ಕೋಣೆಯಲ್ಲಿ ಸೀರೆ ಉಡುತ್ತ ನಾನೊಬ್ಬಳೇ ನಕ್ಕೆ, ಎಷ್ಟೋ ವರ್ಷದ ಮೇಲೆ. ಆದರೆ ಎರಡು ವೃತ್ತ ತಾಗುವ ಕಡೆ ಎಡಗಾಲಿಗೆ ಬದಲಾಗುವಾಗ ಪ್ರತಿ ಸಲವೂ ಗೆರೆ ತಪ್ಪುತ್ತಿತ್ತು, ಇಲ್ಲವೇ ಬೀಳುತ್ತಿದ್ದೆ. ಮಳೆಗಾಲದ ಕೊನೆಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಗೆರೆ ಬಿಡದೆ ಮೂರು ಸಲ ಎಂಟು ಹಾಕಿದರೆ ಮೊದಲ ದರ್ಜೆಯ ಪರೀಕ್ಷೆ ಪಾಸು, ನಿಮ್ಮ ಹೆಸರೂ ಕೊಡುತ್ತೇನೆ ಎಂದು ಮೇಷ್ಟ್ರು ಹೇಳಿದ್ದರು.

ಶ್ರಾವಣದಲ್ಲಿ ಅವ್ವನ ವರ್ಷದ ಎಡೆ ಬಂತು. ಊರಲ್ಲಿ ಅಣ್ಣ ಮಾಡುತ್ತಿದ್ದ, ಆದರೆ ಅಪ್ಪನಿಗೆ ಕಣ್ಣಿನ ದೆಸೆಯಿಂದ ಬಸ್ಸಿನ ಧೂಳು ಕೂಡದು ಎಂದು ನಾವಿಲ್ಲೇ ಎಡೆ ಇಡುವುದೆಂದಾಯಿತು. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಅಪ್ಪ ನಡುಮನೆಯಲ್ಲಿ ಪೆಟ್ಟಿಗೆ ತೆಗೆದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಕೈ ಒರೆಸಿಕೊಂಡು ಬಂದು ನೋಡಿದರೆ, ಹೊಸ ಕಂಬಳಿ ಒಂದು ಕಡೆ ಬಿದ್ದಿತ್ತು. ಹಳೆಯದನ್ನು ನೆಲಕ್ಕೆ ಹಾಸಿ, ಅಪ್ಪ ಅದರ ಮುಂದೆ ಮಂಡಿಯೂರಿ ಕೂತು, ಕತ್ತರಿಸಿದ ಜಾಗಗಳ ಅಂಚನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ.

“ಇದನ್ನ ಇಲಿ ತಿಂದಿಲ್ಲ, ಮಾಳಿ,” ಎಂದ. “ಕತ್ತರಿ ಆಡೈತೆ.”

ನಾನೇ ಕತ್ತರಿಸಿದೆ ಎಂದೆ. ಹರಕು ಎಂದುಕೊಂಡೆ ಎಂದೆ.

“ಹರಕಲ್ಲ ಕಣವ್ವ ಇದು. ನಮ್ಮ ಮದುವೇಲಿ ನಾನೂ ನಿಮ್ಮವ್ವನೂ ಕುಂತ ಕಂಬಳಿ. ಉಣ್ಣೆ ನೂತಿದ್ದು ಅವಳು, ನೇಯ್ದಿದ್ದು ನಮ್ಮಪ್ಪ. ಎರಡು ಪಟ್ಟಿ ನೇಯ್ದು ನಡುವೆ ಹೊಲ್ದಿದ್ದ. ಅವಳನ್ನ ಮಣ್ಣಿಗಿಡೋವಾಗ ಗುಂಡಿ ಹತ್ರ ಕುಂತು ಆ ಹೊಲಿಗೆ ಬಿಚ್ಚಿ, ಒಂದು ಪಟ್ಟಿ ಅವಳ ಮ್ಯಾಲೆ ಹೊದ್ದಿಸಿದೆ. ಇದು ನಂದು. ನನ್ನ ಜತೆ ಹೋಗೋದು.”

ನಮ್ಮಲ್ಲಿ ಹೆಂಗಸರು ಗುಂಡಿಯ ಹತ್ತಿರ ಹೋಗುವುದಿಲ್ಲ. ಅವತ್ತು ನಾನು ಮನೆಯಲ್ಲಿ ಅಳುವವರ ನಡುವೆ ಕೂತಿದ್ದೆ. ಅಲ್ಲಿ ನಡೆದದ್ದನ್ನು ಅಣ್ಣನೂ ಹೇಳಿರಲಿಲ್ಲ, ಅಪ್ಪನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವ್ವ ನೂತ ಉಣ್ಣೆ ಈ ಭೂಮಿಯ ಮೇಲೆ ಉಳಿದಿದ್ದು ಅಷ್ಟೇ, ಅದಕ್ಕೆ ನಾನು ಕತ್ತರಿ ಹಾಕಿದ್ದೆ. ಕೈಚೀಲದಿಂದ ನಾಲ್ಕು ತುಂಡುಗಳನ್ನು ತಂದು ಅವನ ಮುಂದಿಟ್ಟೆ. ಬೆವರಿನಿಂದ ಗಡಸಾಗಿದ್ದವು, ನಾಡಾ ಜೋತಾಡುತ್ತಿತ್ತು. ಏತಕ್ಕೆ ಎಂದು ಕೇಳಿದ. ಸ್ಕೇಟಿಂಗ್ ಎಂಬುದನ್ನು ನಮ್ಮಪ್ಪನಿಗೆ ಹೇಗೆ ಹೇಳುವುದು? ಕಾಲಿಗೆ ಗಾಲಿ ಕಟ್ಟಿಕೊಂಡು ಆಡುವ ಒಂದು ಆಟ ಎಂದೆ. ನನ್ನ ಬಾಯಲ್ಲೇ ಅದು ಎಷ್ಟು ಹಗುರವಾಗಿ ಕೇಳಿಸಿತೆಂದರೆ, ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೂತು ಬಿದ್ದ ಕಂಬಳಿಯ ಮೇಲೆಯೇ ಎಡೆ ಇಟ್ಟ, ಕೈಮುಗಿದ, ತಾನು ಅವತ್ತು ಊಟ ಮಾಡಲಿಲ್ಲ. ನಾಲ್ಕು ತುಂಡುಗಳನ್ನೂ ಕಂಬಳಿಯೊಳಗೆ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ಮಾರನೇ ದಿನ ನಾನು ಉಣ್ಣೆಯ ದಾರ, ದಬ್ಬಣ ತಂದು, ಹೊಲಿದುಕೊಡುತ್ತೇನೆ ಕೊಡು ಎಂದು ಕೇಳಿದೆ. ಬ್ಯಾಡ ಎಂದ. ನಾನು ಗೋಡೌನಿಗೆ ಹೋಗುವುದನ್ನು ಬಿಟ್ಟೆ. ಬೆಳಿಗ್ಗೆ ಕಚೇರಿಯ ಹೊತ್ತಿಗೆ ಸರಿಯಾಗಿ ಹೊರಟು, ಮಿಲ್ಲಿನ ದಾರಿ ಬಿಟ್ಟು ಬಳಸು ದಾರಿಯಲ್ಲಿ ಹೋಗುತ್ತಿದ್ದೆ. ಅವನ ಕಣ್ಣಿಗೆ ಔಷಧಿ ಬಿಡುವಾಗ ಅವನು ಸೂರು ನೋಡುತ್ತಿದ್ದ, ನಾನು ಸೀಸೆ ನೋಡುತ್ತಿದ್ದೆ. ಅವನಿಗೆ ಏನಾದರೂ ಆಗಿ, ನನ್ನನ್ನು ಕ್ಷಮಿಸದೆಯೇ ಹೋಗಿಬಿಟ್ಟರೆ ಎಂಬ ದಿಗಿಲು ನನ್ನ ಎದೆಯಲ್ಲಿ ಬಂದು ಕೂತಿತ್ತು. ಅವನ ವಯಸ್ಸಿಗೆ ಅದೇನೂ ದೂರದ ಮಾತಾಗಿರಲಿಲ್ಲ.

ಹೀಗೆ ಒಂಬತ್ತು ದಿನ ಕಳೆಯಿತು. ಹತ್ತನೇ ದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ, ಬಾಗಿಲಲ್ಲಿ ಅಪ್ಪ ಕೋಲು ಹಿಡಿದು ನಿಂತಿದ್ದ.

“ಆಡಿಟ್ ಮುಗೀತೇನು?” ಎಂದ.

ನಾನು ತಲೆ ತಗ್ಗಿಸಿದೆ. ಆಡಿಟ್ ಇಲ್ಲವೆಂದು ಅವನಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ. ದಿನಾ ಕುಂಟುತ್ತ ಮನೆಗೆ ಬರುವಂಥದ್ದು ಅದೆಂಥ ಆಡಿಟ್ಟು ಎಂದುಕೊಂಡಿದ್ದನಂತೆ.

“ನನ್ನ ಕಂಬಳಿ ಯಾತಕ್ಕೆ ಹೋತು ಅಂತ ನಾನು ನೋಡಬೇಕು,” ಎಂದ. “ನಡಿ, ಹೋಗಾಣ.” ಅಂಗಿಯ ಜೇಬಿನಿಂದ ಆ ನಾಲ್ಕು ತುಂಡು ತೆಗೆದು ನನ್ನ ಕೈಗೆ ಕೊಟ್ಟ. “ಕಟ್ಕ. ಕತ್ತರಿಸಿದ್ದಂತೂ ಆತು. ಬರೀ ಮಂಡೀಲಿ ಬೀಳಬ್ಯಾಡ.”

ಗೋಡೌನಿನ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ವಿಕ್ಟರ್ ಮೇಷ್ಟ್ರು ಕುರ್ಚಿ ಕೊಟ್ಟರೂ ಕೂರದೆ, ಗೋಡೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಕೋಲನ್ನು ಭುಜಕ್ಕೆ ಒರಗಿಸಿಕೊಂಡ. ಮಂದೆ ಕಾಯುವವರು ಹಾಗೆ ಕೂತರೆ ಅರ್ಧ ದಿನ ಕದಲುವುದಿಲ್ಲ. ನಾನು ಮೊದಲ ಸಲ ಅವನೆದುರು ಚೂಡಿದಾರ್ ಹಾಕಿಕೊಂಡು ಬಂದು, ಬೂಟು ಕಟ್ಟಿ, ಗೆರೆಯ ಮೇಲೆ ನಿಂತೆ. ಬಲಗಾಲಿನ ವೃತ್ತ ಮುಗಿಯಿತು. ತಾಗುವ ಕಡೆ ಎಡಗಾಲು ಇಟ್ಟೆ, ಯಥಾಪ್ರಕಾರ ಬಿದ್ದೆ. ಎದ್ದೆ. ಮತ್ತೆ ಹೋದೆ, ಮತ್ತೆ ಅಲ್ಲೇ ಬಿದ್ದೆ. ಮೂರನೇ ಸಲವೂ ಬಿದ್ದು ಏಳುವಾಗ ಅವನತ್ತ ನೋಡಿದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ, ನೆಲದ ಗೆರೆ ನೋಡುತ್ತಿದ್ದ.

ಆಮೇಲೆ ಮೇಷ್ಟ್ರನ್ನು ಕೇಳಿದ, “ಇದ್ರಿಂದ ಏನ್ ಸಿಗ್ತೈತ್ರಿ?”

“ಏನೂ ಸಿಗಲ್ಲ, ಯಜಮಾನ್ರೆ,” ಎಂದರು ಮೇಷ್ಟ್ರು. “ಗೆರೆ ತಪ್ಪದೆ ಹೋಗಿ, ಶುರು ಮಾಡಿದ ಜಾಗಕ್ಕೆ ಬಂದು ನಿಲ್ಲಬೇಕು. ಅಷ್ಟೇ.”

ಅಪ್ಪ ಕೋಲಿನ ತುದಿಯಿಂದ ನೆಲದ ಗೆರೆ ತೋರಿಸಿದ. “ಮಂದೆ ಸುತ್ತು ಹಾಕೋದೂ ಅಷ್ಟೇಯ,” ಎಂದ.

ನಾನು ಹೇಳಿರಲಿಲ್ಲ, ಅವನೇ ಕಂಡುಕೊಂಡ. ನಲವತ್ತು ವರ್ಷದ ಹಿಂದೆ ತನ್ನ ಹಿಂದೆ ಗೆರೆ ತುಳಿದುಕೊಂಡು ಬರುತ್ತಿದ್ದ ಹುಡುಗಿ ಅವನಿಗೂ ನೆನಪಿದ್ದಳು. ಮನೆಗೆ ಬರುವ ದಾರಿಯಲ್ಲಿ, ಬಹಳ ದಿನದ ಮೇಲೆ, ಅವನಾಗಿಯೇ ಮಾತು ತೆಗೆದ. ನೀನು ಚಿಕ್ಕೋಳಿದ್ದಾಗಲೂ ಗೆರೆ ಮುಗಿಯುತ್ತಾ ಬಂದರೆ ಅವಸರ ಮಾಡುತ್ತಿದ್ದೆ, ಕೊನೆಯ ನಾಲ್ಕು ಹೆಜ್ಜೆ ಹಾರಿಕೊಂಡು ಬಂದು ನನ್ನ ಬೆನ್ನಿಗೆ ಬೀಳುತ್ತಿದ್ದೆ ಎಂದ. ಈಗಲೂ ಹಾಗೇ ಮಾಡುತ್ತೀಯ ಎಂದ. ಮಾರನೇ ದಿನದಿಂದ ನಾನು ಮತ್ತೆ ಹೋಗತೊಡಗಿದೆ. ತಾಗುವ ಜಾಗ ಬರುತ್ತಿದ್ದ ಹಾಗೆ ಉಸಿರು ಬಿಟ್ಟು, ಮುಂದೆ ಅಪ್ಪ ಕೋಲೆಳೆದುಕೊಂಡು ನಿಧಾನವಾಗಿ ಹೋಗುತ್ತಿದ್ದಾನೆ, ಅವನ ಬೆನ್ನಿಗೆ ಬೀಳಬಾರದು ಎಂದುಕೊಳ್ಳುತ್ತಿದ್ದೆ. ಎಡಗಾಲು ಗೆರೆ ಹಿಡಿಯಿತು. ಆದರೂ ಕಂಬಳಿಯ ಮಾತು ಮಾತ್ರ ನಮ್ಮ ನಡುವೆ ಬರಲಿಲ್ಲ. ಅವನು ಪೆಟ್ಟಿಗೆ ತೆಗೆದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಪರೀಕ್ಷೆಯ ಅರ್ಜಿ ಬಂತು. ಎಲ್ಲ ಮಕ್ಕಳಿಗೆಂದು ಮಾಡಿದ ಅರ್ಜಿ, ಕೊನೆಯಲ್ಲಿ ತಂದೆ ಅಥವಾ ತಾಯಿಯ ರುಜು ಎಂದಿತ್ತು. ಅದನ್ನು ಖಾಲಿ ಬಿಡಿ ಎಂದರು ಮೇಷ್ಟ್ರು. ರಾತ್ರಿ ಅಡುಗೆ ಮಾಡುತ್ತ ನಗೆಚಾಟಿಕೆಗೆಂದು ಅಪ್ಪನಿಗೆ ಹೇಳಿದೆ. ಅವನು ನಗಲಿಲ್ಲ. “ಯಾಕೆ ಖಾಲಿ ಬಿಡ್ತೀಯ? ನಾನಿಲ್ವೇನು?” ಎಂದ. ಕಚೇರಿಯಿಂದ ಇಂಕ್ ಪ್ಯಾಡ್ ತರಿಸಿ, ಬೆರಳು ಒರೆಸಿಕೊಂಡು, ನಲವತ್ತಾರು ವರ್ಷದ ಮಗಳು ಗಾಲಿಯಾಟ ಆಡಲು ತನ್ನ ಒಪ್ಪಿಗೆ ಇದೆ ಎಂದು ಹೆಬ್ಬೆಟ್ಟು ಒತ್ತಿದ. ನಾನು ಆ ಅರ್ಜಿ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಅತ್ತೆ.

ಪರೀಕ್ಷೆಯ ದಿನ ಅಪ್ಪ ಇರಲಿಲ್ಲ. ಕಣ್ಣು ವಾಸಿಯಾಗಿತ್ತು. ಕುರಿ ಉಣ್ಣೆ ಕತ್ತರಿಸುವ ಕಾಲ ಬಂತೆಂದು, ಎರಡು ದಿನದ ಹಿಂದೆಯಷ್ಟೇ ಕೋಲು, ಪೆಟ್ಟಿಗೆ ಸಮೇತ ಅಣ್ಣನ ಜತೆ ಊರಿಗೆ ಹೋಗಿದ್ದ. ಹನ್ನೊಂದು ಮಕ್ಕಳ ಕೊನೆಗೆ ನನ್ನ ಹೆಸರು ಕರೆದರು. ಪರೀಕ್ಷಕರು ಮಗುವಿಗಾಗಿ ಅತ್ತಿತ್ತ ನೋಡಿದರು. ನಾನು ಗೆರೆಯ ಮೇಲೆ ಬಂದು ನಿಂತೆ. ಮೂರು ಸಲ ಎಂಟು ಹಾಕಿದೆ. ಮೂರನೆಯದರಲ್ಲಿ ಒಂದಿಷ್ಟು ಓಲಾಡಿದೆ, ಆದರೆ ಎತ್ತಿದ ಕಾಲು ನೆಲಕ್ಕೆ ತಾಗಲಿಲ್ಲ. ಎಲ್ಲರಿಗಿಂತ ಕಡಿಮೆ ಅಂಕದಲ್ಲಿ ಪಾಸು ಮಾಡಿದರು. ಆ ಭಾನುವಾರ ಊರಿಗೆ ಹೋದಾಗ ಅಪ್ಪ ಕಣದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದ. ಶುರು ಮಾಡಿದಲ್ಲಿಗೇ ಬಂದು ನಿಂತೆಯಾ ಎಂದು ಕೇಳಿದ. ನಿಂತೆ ಎಂದೆ. ಹ್ಞೂಂ ಎಂದು ಮತ್ತೆ ಉಣ್ಣೆಯ ಕಡೆ ತಿರುಗಿದ. ಕಂಬಳಿಯ ವಿಷಯ ಕೇಳಬೇಕೆಂದು ಬಾಯಿ ತೆರೆದೆ, ಕೇಳದೆ ಬಂದೆ.

ಮಾರ್ಗಶಿರದಲ್ಲಿ ಒಂದು ಬೆಳಿಗ್ಗೆ ಕಚೇರಿಗೆ ಫೋನ್ ಬಂತು. ಕುರಿ ಹೊರಡಿಸಿಕೊಂಡು ಬಾಗಿಲಿಗೆ ಬಂದ ಅಪ್ಪ ಅಲ್ಲೇ ಕೂತನಂತೆ, ಮತ್ತೆ ಏಳಲಿಲ್ಲವಂತೆ. ನಾನು ಮನೆಗೆ ಓಡಿ, ಆ ನಾಲ್ಕು ತುಂಡು, ದಬ್ಬಣ, ಉಣ್ಣೆಯ ದಾರ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಅವನನ್ನು ಎತ್ತುವುದರೊಳಗೆ ನಾನು ಆ ತೂತು ಮುಚ್ಚಬೇಕು.

ಜಗಲಿಯಲ್ಲಿ ಅವನನ್ನು ಕೂರಿಸಿದ್ದರು. ಪಕ್ಕದಲ್ಲಿ ಆ ಅರ್ಧ ಕಂಬಳಿ ಮಡಚಿಟ್ಟಿತ್ತು. ಊರಿನ ಹಿರಿಯರೊಬ್ಬರು ಅದನ್ನು ಬಿಡಿಸಿ ನೋಡಿ, ತೂತು ಬಿದ್ದದ್ದರಲ್ಲಿ ಕಳಿಸಬಾರದು, ಹೊಸದು ತನ್ನಿ ಎನ್ನುತ್ತಿದ್ದರು. ನಾನು ಕಂಬಳಿ ಎಳೆದುಕೊಂಡು ಕೂತು, ಮೊದಲ ತುಂಡಿನ ನಾಡಾ ಕಿತ್ತು, ದಬ್ಬಣಕ್ಕೆ ದಾರ ಪೋಣಿಸಲು ಹೋದೆ. ಕಣ್ಣೀರಿನಲ್ಲಿ ದಬ್ಬಣದ ಕಣ್ಣು ಕಾಣುತ್ತಿರಲಿಲ್ಲ. ಅಣ್ಣ ಬಂದು ನನ್ನ ಎದುರು ಕೂತು, ಕೈ ಹಿಡಿದ.

“ಹೊಲೀಬ್ಯಾಡ, ಮಾಳಿ. ಅಪ್ಪ ನನಗೆ ಹೇಳಿ ಹೋಗೈತೆ,” ಎಂದ. ಹಿರಿಯರ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಅಪ್ಪನ ಮಾತನ್ನೇ ಹೇಳಿದ. “ಒಂದು ಅರ್ಧ ನಿಮ್ಮವ್ವನ ಹತ್ರ ಐತೆ. ಇನ್ನೊಂದು ಅರ್ಧದಾಗೆ ನಾಕು ತುಂಡು ಮಾಳಿ ಹತ್ರ ಅವೆ. ಉಳಿದಿದ್ದು ನನಗೆ ಸಾಕು. ಅವಳ ಹತ್ರದಿಂದ ಅವನ್ನ ಕಸ್ಕಬ್ಯಾಡ್ರಿ, ಅವಳು ಇನ್ನೂ ಬೀಳೋದೈತೆ, ಅಂದಿತ್ತು ಅಪ್ಪ.”

ಆ ಹಿರಿಯರು ಕಂಬಳಿಯನ್ನು ನನ್ನ ತೊಡೆಯ ಮೇಲಿಂದ ತಾವೇ ತೆಗೆದುಕೊಂಡು, ನಾಲ್ಕು ತೂತುಗಳೊಂದಿಗೆ ಅಪ್ಪನ ಮೇಲೆ ಹೊದಿಸಿದರು. ಹೆಂಗಸರು ಬರುವುದಿಲ್ಲ ಎನ್ನುವ ಕಡೆಗೆ ಅವತ್ತು ನಾನೂ ಹೋದೆ. ಯಾರೂ ಬೇಡವೆನ್ನಲಿಲ್ಲ. ತುಂಡುಗಳು ನನ್ನ ಮುಷ್ಟಿಯಲ್ಲೇ ಇದ್ದವು.

ಚಿಕ್ಕಜಾಜೂರಿನಲ್ಲಿ ಗಾಡಿ ಬಂತು. ಕುರಿ ಕಾಯುವವನು ಕಂಬಳಿ ಕೊಪ್ಪೆ ಹಾಕಿಕೊಂಡು ಇನ್ನೊಂದು ಡಬ್ಬಿಗೆ ಹತ್ತಿದ. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ನಾನು ಆ ಗೋಡೌನಿಗೆ ಹೋದೆ, ಅದನ್ನು ಕೆಡವಿ ಕಲ್ಯಾಣಮಂಟಪ ಕಟ್ಟುವವರೆಗೆ. ಬೀಳುವುದು ಬೇಕಾದಷ್ಟಾಯಿತು. ಇನ್ನು ಗಾಲಿಯ ತಂಟೆಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಹೋಗುವುದಿಲ್ಲ. ನಾಲ್ಕು ತುಂಡುಗಳೂ ಊರಿಂದ ನಾನು ತಂದಿಟ್ಟುಕೊಂಡ ಅಪ್ಪನ ತಗಡಿನ ಪೆಟ್ಟಿಗೆಯಲ್ಲಿ ಹಾಗೇ ಇವೆ, ಮಂಡಿಯ ಕಡೆ ಸವೆದು ತೆಳ್ಳಗಾಗಿವೆ. ನನ್ನನ್ನು ಕಳಿಸುವ ದಿನ ಅವನ್ನು ನನ್ನ ಜತೆ ಹಾಕಿ ಎಂದು ಅಣ್ಣನ ಮಗಳಿಗೆ ಹೇಳಿಟ್ಟಿದ್ದೇನೆ.